ಗೆರೆ ಓಡುತ್ತೆ, ಫೋಟೊ ಬದಲಾಗಲ್ಲ: ಬೀದರಿನಲ್ಲಿ ನಿಕಾನ್ ಝಡ್50 ಜೊತೆ ಒಂದು ವರ್ಷ

ಕ್ಯಾಮೆರಾ ತಂದ ಆರನೇ ದಿನಕ್ಕೇ ನಾನು ಹೈದರಾಬಾದಿನ ಅಂಗಡಿಗೆ ಫೋನ್ ಮಾಡಿ ಜಗಳ ತೆಗೆದಿದ್ದೆ. ಸೆಕೆಂಡ್ ಹ್ಯಾಂಡ್ ಮಾಲು ಕೊಟ್ಟು ಮೋಸ ಮಾಡಿದ್ದೀರಿ, ಪ್ಲಸ್ ಮೈನಸ್ ಬಟನ್ ಸತ್ತಿದೆ, ಒತ್ತಿ ಡಯಲ್ ತಿರುಗಿಸಿದರೆ ಬೆಳಕು ಅಳೆಯೋ ಮೀಟರಿನ ಗೆರೆ ಮಾತ್ರ ಓಡುತ್ತೆ, ಫೋಟೊ ಹಾಗೇ ಬರುತ್ತೆ, ವಾಪಸ್ ತಗೊಳ್ಳಿ ಅಂತ. ಆ ಕಡೆಯವರು ಪೂರ್ತಿ ಕೇಳಿಸಿಕೊಂಡು, ಒಂದು ಚೂರೂ ಸಿಟ್ಟಾಗದೆ, "ಮ್ಯಾನುಯಲ್ ಮೇ ಹೋ ಕ್ಯಾ ಭಾಯ್? ಐಎಸ್ಓ ಆಟೋ ಕರೋ, ಫಿರ್ ದೇಖೋ" (ಮ್ಯಾನುಯಲ್‌ನಲ್ಲಿದ್ದೀಯಾ? ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನೋ ಐಎಸ್ಓ ಅಂಕಿಯನ್ನು ಆಟೋ ಮಾಡಿ ನೋಡು ಅಂತ) ಅಂದು ಫೋನ್ ಇಟ್ಟರು. ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗೋಕೆ ಒಂದು ಎಳ್ಳಮಾವಾಸ್ಯೆ ಕೆಡಬೇಕಾಯಿತು.

ಇದು ನಿಕಾನ್ ಝಡ್50ರ ರಿವ್ಯೂ. ಹಳೆಯ ಕ್ಯಾಮೆರಾ, 2019ರ ಅಕ್ಟೋಬರಿನಲ್ಲಿ ಬಂದದ್ದು. ಇದರ ತಮ್ಮ, ಅಂದರೆ ಎರಡನೇ ಆವೃತ್ತಿ ಝಡ್50-II, 2024ರಲ್ಲಿ ಬಂದ ಮೇಲೆ ಹಳೆಯದು ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗ್ತಿದೆ, ಅದಕ್ಕೇ ಬರೀತಿದ್ದೇನೆ. 16-50 ಲೆನ್ಸ್ ಸೇರಿ ನಾನು ಕೊಟ್ಟದ್ದು 49 ಸಾವಿರ. 20.9 ಮೆಗಾಪಿಕ್ಸೆಲ್, ಎಪಿಎಸ್-ಸಿ ಅನ್ನೋ ಅಳತೆಯ ಸೆನ್ಸರ್, ಬ್ಯಾಟರಿ ಮತ್ತು ಕಾರ್ಡ್ ಸೇರಿ ಬಾಡಿ ತೂಕ 450 ಗ್ರಾಂ. ಉಳಿದ ವಿವರ ಎಲ್ಲಾ ಕಡೆ ಸಿಗುತ್ತೆ. ನಾನು ಬರೆಯಬೇಕು ಅಂದುಕೊಂಡಿರೋದು ಹೆಚ್ಚಾಗಿ ಒಂದೇ ಬಟನ್ ಬಗ್ಗೆ. ಶಟರ್ ಬಟನ್ ಪಕ್ಕದಲ್ಲಿ, ಐಎಸ್ಓ ಬಟನ್ ಜೊತೆ ಕೂತಿರುವ ಆ ಪ್ಲಸ್ ಮೈನಸ್ ಬಟನ್. ಎಕ್ಸ್‌ಪೋಶರ್ ಕಾಂಪನ್ಸೇಶನ್, ಅಂದರೆ ಕ್ಯಾಮೆರಾ ಹಾಕಿದ ಬೆಳಕಿನ ಲೆಕ್ಕವನ್ನು ಹೆಚ್ಚು ಕಮ್ಮಿ ಮಾಡೋದು.

ಕ್ಯಾಮೆರಾ ಕೊಂಡದ್ದೇ ಬಿದ್ರಿ ಫೋಟೊಗೆ. ನಮ್ಮ ಓಣಿ ಹತ್ತಿರ ಒಬ್ಬ ಉಸ್ತಾದ್ ಇದ್ದಾರೆ, ಮೂರು ತಲೆಮಾರಿನ ಕೆಲಸ. ಆನ್‌ಲೈನ್ ಮಾರಾಟಕ್ಕೆ ನಲವತ್ತು ಸಾಮಾನಿನ ಫೋಟೊ ಬೇಕು ಅಂದಿದ್ದರು. ಮೊದಲು ಮೊಬೈಲಲ್ಲೇ ತೆಗೆದಿದ್ದೆವು. ಮೊಬೈಲು ತನ್ನ ಬುದ್ಧಿ ಉಪಯೋಗಿಸಿ ಕರಿ ಹೂದಾನಿಯನ್ನು ಬೂದು ಮಾಡಿ, ಬೆಳ್ಳಿ ಎಳೆಗಳನ್ನು ಬಿಳಿ ಪೇಂಟ್ ಬಳಿದ ಹಾಗೆ ಮಾಡಿ ಕೊಡ್ತಿತ್ತು. ಸರಿ, ಒಳ್ಳೆ ಕ್ಯಾಮೆರಾ ಬಂದರೆ ಎಲ್ಲಾ ಸರಿ ಹೋಗುತ್ತೆ ಅಂದುಕೊಂಡೆ.

ಬಿದ್ರಿ ನೋಡದವರಿಗೆ ಎರಡು ಮಾತು. ಸತು ಜಾಸ್ತಿ, ತಾಮ್ರ ಸ್ವಲ್ಪ, ಇವೆರಡರ ಮಿಶ್ರಲೋಹದಲ್ಲಿ ಎರಕ ಹೊಯ್ದು, ಮೇಲೆ ಉಳಿಯಲ್ಲಿ ಚಿತ್ತಾರ ಕೊರೆದು, ಆ ಸಂದಿಗೆ ಬೆಳ್ಳಿ ತಂತಿ ಇಲ್ಲವೇ ಬೆಳ್ಳಿ ತಗಡು ಬಡಿದು ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಲ್ಲಿ ಅದ್ದಿದರೆ ಲೋಹ ಮಾತ್ರ ಕಡುಗಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಕೊನೆಗೆ ಎಣ್ಣೆ ಕೈಯಲ್ಲಿ ಒರೆಸಿದಾಗ ಆ ಕಪ್ಪು ಇನ್ನೂ ಆಳವಾಗುತ್ತೆ. 2006ರಲ್ಲಿ ಇದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು, 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಈ ಕಸುಬಿನ ಜೀವ ಇರೋದೇ ಆ ಕಪ್ಪಿನಲ್ಲಿ. ಫೋಟೊದಲ್ಲಿ ಆ ಕಪ್ಪು ಹೋದರೆ ಏನೂ ಉಳಿಯಲ್ಲ.

ಬಿದ್ರಿ ಫೋಟೊಗೆ ಕೂತ ಮೊದಲ ದಿನ ಕಿಟಕಿ ಪಕ್ಕ ಮೇಜು ಹಾಕಿ, ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಎಲ್ಲಾ ನಾವೇ ಇಡೋ ಮ್ಯಾನುಯಲ್ (ಎಂ) ಮೋಡ್‌ಗೆ ತಿರುಗಿಸಿದೆ. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್/8, ಐಎಸ್ಓ 100. ಮೀಟರ್ ಸೊನ್ನೆಗೆ ಬರೋವರೆಗೆ ಶಟರ್ ಡಯಲ್ ತಿರುಗಿಸಿದೆ, 1/4 ಸೆಕೆಂಡಿಗೆ ಬಂದು ನಿಂತಿತು. ಕ್ಲಿಕ್. ಸ್ಕ್ರೀನ್ ನೋಡಿದ ಉಸ್ತಾದ್ ಕನ್ನಡಕ ಮೇಲೆ ಮಾಡಿಕೊಂಡು, "ಇದು ನಮ್ಮ ಬಿದ್ರಿ ಅಲ್ರೀ. ಇದು ಅಲ್ಯುಮಿನಿಯಂ ಆಗ್ಯಾದ" ಅಂದರು.

ತಪ್ಪು ಮೀಟರಿನದಲ್ಲ. ಯಾವ ಕಂಪನಿಯ ಕ್ಯಾಮೆರಾ ಆದರೂ ಮೀಟರಿಗೆ ಗೊತ್ತಿರೋದು ಒಂದೇ: ಎದುರಿಗಿರೋದು ಒಟ್ಟಾರೆ ನಡುಮಧ್ಯದ ಬೂದು ಬಣ್ಣದ್ದು ಅಂತ ನಂಬಿ ಲೆಕ್ಕ ಹಾಕೋದು. ಎದುರಿಗೆ ಕಪ್ಪು ಇಟ್ಟರೆ, "ಅಯ್ಯೋ ಬೆಳಕು ಸಾಲ್ತಿಲ್ಲ" ಅಂತ ಬೆಳಕು ಜಾಸ್ತಿ ಕೇಳುತ್ತೆ, ಕಪ್ಪು ಬೂದಾಗುತ್ತೆ. ಬಿಳಿ ಇಟ್ಟರೆ ಬೆಳಕು ಕಡಿಮೆ ಮಾಡು ಅನ್ನುತ್ತೆ, ಬಿಳಿಯೂ ಬೂದಾಗುತ್ತೆ. ಈಗಿನ ಕ್ಯಾಮೆರಾಗಳ ಮ್ಯಾಟ್ರಿಕ್ಸ್ ಮೀಟರ್ ಸ್ವಲ್ಪ ಜಾಣ, ಚೌಕಟ್ಟಿನ ಬೇರೆ ಬೇರೆ ಭಾಗ ನೋಡಿ ಅಂದಾಜು ಮಾಡುತ್ತೆ. ಆದರೂ ಚೌಕಟ್ಟು ತುಂಬ ಒಂದು ಕರಿ ಸುರಾಯಿ ಇಟ್ಟರೆ ಅದೂ ಏನು ಮಾಡೀತು ಪಾಪ.

ಇಷ್ಟು ನನಗೂ ಗೊತ್ತಿತ್ತು. ಹಾಗಾಗಿ ಪ್ಲಸ್ ಮೈನಸ್ ಬಟನ್ ಒತ್ತಿ ಮೈನಸ್ ಒಂದು ಮಾಡಿದೆ. ಫೋಟೊ ಅದೇ. ಮೈನಸ್ ಎರಡು. ಅದೇ ಅಲ್ಯುಮಿನಿಯಂ. ಮೀಟರ್ ಗೆರೆಗಳು ಮಾತ್ರ ಪ್ಲಸ್ ಕಡೆ ಓಡಿ ಕೂತವು. ಮೈನಸ್ ಮಾಡಿದರೆ ಪ್ಲಸ್ ಕಡೆ ಹೋಗ್ತಿದೆಯಲ್ಲ, ಇದು ಖಂಡಿತ ಕೆಟ್ಟಿದೆ ಅಂತ ತೀರ್ಮಾನಿಸಿಯೇ ಅಂಗಡಿಗೆ ಫೋನ್ ಹಚ್ಚಿದ್ದು. ಮಾಡಿದ್ದ ಮೈನಸ್ ಎರಡನ್ನು ಹಾಗೇ ಬಿಟ್ಟು ಕ್ಯಾಮೆರಾ ಚೀಲಕ್ಕೆ ಹಾಕಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಮರುದಿನ ಎಳ್ಳಮಾವಾಸ್ಯೆ. ನಮ್ಮ ಕಡೆ ಅವತ್ತು ಊರಲ್ಲಿ ಯಾರೂ ಇರಲ್ಲ, ಎಲ್ಲಾ ಹೊಲದಲ್ಲೇ. ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ, ಬೇವಿನ ಮರದ ಕೆಳಗೆ ಕೂತು ಹೊಟ್ಟೆ ಬಿರಿಯುವಷ್ಟು ಉಣ್ಣೋದು. ಪುಣೆಯಿಂದ ಕಾಕಾ ಮನೆಯವರೂ ಬಂದಿದ್ದರು, ನಾಲ್ಕು ವರ್ಷದ ಮೇಲೆ ಎಲ್ಲರೂ ಒಂದೇ ಕಡೆ ಸೇರಿದ್ದು. ಅಂಗಡಿಯವರ ಮಾತು ನೆನಪಾಗಿ ಐಎಸ್ಓ ಬಟನ್ ಒತ್ತಿ ಮುಂದಿನ ಡಯಲ್ ತಿರುಗಿಸಿ ಆಟೋ ಮಾಡಿದೆ. 1/1000, ಎಫ್/5.6. ಮಕ್ಕಳು ಓಡಾಡ್ತಿದ್ದರು, ಹಾಗಾಗಿ ಶಟರ್ ನನ್ನ ಕೈಲಿರಲಿ, ಉಳಿದದ್ದು ಕ್ಯಾಮೆರಾ ನೋಡಿಕೊಳ್ಳಲಿ ಅಂತ. ಸುಮಾರು ಇನ್ನೂರು ಫೋಟೊ ತೆಗೆದೆ. ಸ್ಕ್ರೀನ್ ಮಬ್ಬಾಗಿ ಕಾಣ್ತಿತ್ತು, ಬಿಸಿಲಿಗೆ ಯಾವ ಸ್ಕ್ರೀನ್ ತಾನೆ ಚೆನ್ನಾಗಿ ಕಾಣುತ್ತೆ ಅಂತ ಸುಮ್ನಿದ್ದೆ. ವ್ಯೂಫೈಂಡರಿಗೆ ಒಂದೇ ಒಂದು ಸಲ ಕಣ್ಣಿಟ್ಟಿದ್ದರೂ ಗೊತ್ತಾಗ್ತಿತ್ತು.

ರಾತ್ರಿ ಮನೆಯಲ್ಲಿ ಟಿವಿಗೆ ಹಾಕಿ ತೋರಿಸಿದಾಗ ಹಿಂದಿನ ಜೋಳದ ಹೊಲ ಚಿತ್ರದಂತೆ ಚೆಂದ, ಮರದ ಕೆಳಗೆ ಕೂತ ಮನುಷ್ಯರು ಮಾತ್ರ ಎಲ್ಲರೂ ಕರಿ ನೆರಳು. ವೈನಿ ಬಾಯಿಗೆ ಸೆರಗು ಹಿಡಿದು ನಗ್ತಿದ್ದರು. ಅವ್ವ ಹತ್ತಿರ ಬಂದು ಟಿವಿ ನೋಡಿ, "ನಾ ಏನ್ ಇಷ್ಟು ಕರ್ರಗ ಅದೀನೇನೋ ತಮ್ಮಾ? ಐವತ್ತು ಸಾವಿರ ಕೊಟ್ಟು ಇದನ್ ತಂದೀ?" ಅಂದಳು.

ಅವತ್ತು ರಾತ್ರಿ ಮಲಗಲಿಲ್ಲ. ಕ್ಯಾಮೆರಾದ ಕೈಪಿಡಿ ತೆರೆದು ಓದಿದೆ. ಕಾಂಪನ್ಸೇಶನ್ ಭಾಗದಲ್ಲಿ ಸ್ಪಷ್ಟವಾಗಿಯೇ ಬರೆದಿದೆ: ಎಂ ಮೋಡ್‌ನಲ್ಲಿ ಇದು ಎಕ್ಸ್‌ಪೋಶರ್ ಸೂಚಕವನ್ನು ಮಾತ್ರ ಬದಲಿಸುತ್ತೆ, ಶಟರ್ ಮತ್ತು ಅಪರ್ಚರ್ ಬದಲಾಗಲ್ಲ. ಇನ್ನೊಂದು ಮಾತೂ ಇದೆ: ಕ್ಯಾಮೆರಾ ಆಫ್ ಮಾಡಿದರೂ ಹಾಕಿದ ಕಾಂಪನ್ಸೇಶನ್ ಅಳಿಸಿ ಹೋಗಲ್ಲ. ಅಂದರೆ ಹಿಂದಿನ ದಿನ ನಾನು ಸತ್ತಿದೆ ಅಂದುಕೊಂಡಿದ್ದ ಮೈನಸ್ ಎರಡು ಚೀಲದಲ್ಲಿ ಸುಮ್ನೆ ಮಲಗಿತ್ತು, ಐಎಸ್ಓ ಆಟೋ ಮಾಡಿದ ತಕ್ಷಣ ಎದ್ದು ಕೂತು ಕೆಲಸ ಶುರು ಮಾಡಿತು. ಐಎಸ್ಓ 400 ಬರಬೇಕಾದಲ್ಲಿ 100ಕ್ಕೇ ನಿಂತಿತ್ತು. ಹಿಂದೆ ಬಿಸಿಲಿನ ಹೊಲ ಇರೋ ಚಿತ್ರಕ್ಕೆ ಮೊದಲೇ ಪ್ಲಸ್ ಒಂದಾದರೂ ಬೇಕಿತ್ತು, ಅದರ ಮೇಲೆ ಇದು. ಸ್ಕ್ರೀನ್ ಮೇಲೆ ಪ್ಲಸ್ ಮೈನಸ್ ಚಿಹ್ನೆ ಇಡೀ ದಿನ ಇತ್ತಂತೆ. ನೋಡಿದ್ದರೆ ತಾನೆ.

ಈಗ ಇದರ ಒಳಗುಟ್ಟು. ನಾನು ಅರ್ಥ ಮಾಡಿಕೊಂಡ ಹಾಗೆ ಹೇಳ್ತೀನಿ.

ಫೋಟೊ ಎಷ್ಟು ಬೆಳ್ಳಗೆ ಬರುತ್ತೆ ಅನ್ನೋದು ಮೂರರ ಕೈಲಿದೆ. ಶಟರ್ ಎಷ್ಟು ಹೊತ್ತು ತೆರೆದಿತ್ತು, ಅಪರ್ಚರ್ ಎಷ್ಟು ಅಗಲ ಇತ್ತು, ಐಎಸ್ಓ ಎಷ್ಟು. ಎ ಮೋಡ್‌ನಲ್ಲಿ ಅಪರ್ಚರ್ ನೀವು ಇಡ್ತೀರಿ, ಶಟರ್ ಕ್ಯಾಮೆರಾ ಇಡುತ್ತೆ. ಎಸ್ ಮೋಡ್‌ನಲ್ಲಿ ಅದರ ಉಲ್ಟಾ. ಕಾಂಪನ್ಸೇಶನ್ ಅಂದರೆ ಕ್ಯಾಮೆರಾ ತಾನೇ ಆರಿಸುವ ಆ ಒಂದಕ್ಕೆ ನೀವು ಕೊಡುವ ತಿದ್ದುಪಡಿ: "ನೀನು ಲೆಕ್ಕ ಹಾಕಿದ್ದಕ್ಕಿಂತ ಒಂದು ಸ್ಟಾಪ್ ಕಮ್ಮಿ ಮಾಡು" ಅಂತ. ಒಂದು ಸ್ಟಾಪ್ ಕಮ್ಮಿ ಅಂದರೆ ಬೆಳಕು ಅರ್ಧ, ಒಂದು ಸ್ಟಾಪ್ ಜಾಸ್ತಿ ಅಂದರೆ ಎರಡು ಪಟ್ಟು. ಎಂ ಮೋಡ್‌ನಲ್ಲಿ ಐಎಸ್ಓ ಕೂಡ ನೀವೇ ಕಟ್ಟಿ ಇಟ್ಟರೆ ಮೂರೂ ನಿಮ್ಮ ಕೈಲಿ. ಕ್ಯಾಮೆರಾಗೆ ಬದಲಿಸೋಕೆ ಏನೂ ಉಳಿದಿಲ್ಲ. ಹೇಳಿದ್ದು ಕೇಳೋಕೆ ಯಾರೂ ಇಲ್ಲದ ಮನೆಯಲ್ಲಿ ಆರ್ಡರ್ ಮಾಡಿದ ಹಾಗೆ.

ಮತ್ತೆ ಆ ಗೆರೆ ಯಾಕೆ ಓಡುತ್ತೆ? ತಕ್ಕಡಿ ನೆನಪು ಮಾಡಿಕೊಳ್ಳಿ. ಅಡತ್ ಅಂಗಡಿಯಲ್ಲಿ ತಕ್ಕಡಿಯ ಸೊನ್ನೆಯನ್ನೇ ಅತ್ತ ಇತ್ತ ಸರಿಸಿದರೆ ಮುಳ್ಳು ಬೇರೆ ತೋರಿಸುತ್ತೆ, ತಟ್ಟೆಯಲ್ಲಿರೋ ತೊಗರಿ ಅಷ್ಟೇ ಇರುತ್ತೆ. ಐಎಸ್ಓ ಕಟ್ಟಿಟ್ಟ ಎಂ ಮೋಡ್‌ನಲ್ಲಿ ಈ ಬಟನ್ ಮಾಡೋದು ಅದನ್ನೇ. ಮೈನಸ್ ಎರಡು ಹಾಕಿದಾಗ ಕ್ಯಾಮೆರಾ ಹೇಳ್ತಿದ್ದದ್ದು, "ನಿನಗೆ ಬೇಕಾದ್ದು ಎರಡು ಸ್ಟಾಪ್ ಕಮ್ಮಿ ತಾನೆ, ಈಗಿರೋದು ಅದಕ್ಕಿಂತ ಎರಡು ಸ್ಟಾಪ್ ಜಾಸ್ತಿ ಇದೆ ನೋಡು" ಅಂತ. ಅದಕ್ಕೇ ಗೆರೆ ಪ್ಲಸ್ ಕಡೆ ಹೋದದ್ದು. ಆಗ ನಾನು ಶಟರನ್ನು 1/15ಕ್ಕೆ ತಂದಿದ್ದರೆ ಗೆರೆ ಮತ್ತೆ ಸೊನ್ನೆಗೆ ಬರ್ತಿತ್ತು, ಫೋಟೊ ನಿಜವಾಗಿ ಎರಡು ಸ್ಟಾಪ್ ಕಪ್ಪಾಗ್ತಿತ್ತು.

ಹಾಗಾಗಿ ಐಎಸ್ಓ ಕಟ್ಟಿದಾಗ ದಾರಿ ಎರಡು. ಬಟನ್ ಮುಟ್ಟದೆ, ಮೀಟರನ್ನೇ ಸೊನ್ನೆ ಬಿಟ್ಟು ಮೈನಸ್ ಒಂದರ ಹತ್ತಿರ ನಿಲ್ಲಿಸೋದು. ಇಲ್ಲವೇ ಬಟನ್‌ನಲ್ಲಿ ಮೈನಸ್ ಒಂದು ಹಾಕಿ ಮೀಟರನ್ನು ಸೊನ್ನೆಗೆ ತರೋದು. ಫಲ ಒಂದೇ. ನನಗೆ ಮೊದಲನೆಯದೇ ಇಷ್ಟ, ಮರೆತು ಹೋಗುವ ಸಾಮಾನು ಒಂದು ಕಡಿಮೆಯಾಗುತ್ತೆ. ಸೊನ್ನೆ ಬಂದರೆ ಫೋಟೊ ಸರಿ ಅನ್ನೋ ನಂಬಿಕೆ ನನ್ನ ತಲೆಯಲ್ಲಿ ಎಷ್ಟು ಗಟ್ಟಿ ಕೂತಿತ್ತು ಅಂದರೆ, ಅದನ್ನು ಬಿಡಿಸಿಕೊಳ್ಳೋಕೆ ತಿಂಗಳು ಹಿಡಿಯಿತು.

ಬಿದ್ರಿಗೆ ವಾಪಸ್ ಬಂದೆ. ಅದೇ ಕಿಟಕಿ, ಎಫ್/8, ಐಎಸ್ಓ 100. 1/4 ಬದಲು 1/10. ಮೀಟರ್ ಮೈನಸ್ 1.3 ತೋರಿಸ್ತಿತ್ತು, ತೋರಿಸಲಿ ಬಿಡು. ಕಪ್ಪು ಕಪ್ಪಾಗಿ ಬಂತು. ಬೆಳ್ಳಿಯ ಎಳೆಗಳಲ್ಲಿ ಸುತ್ತಿಗೆ ಬಡಿದ ಸಣ್ಣ ಗುರುತೂ ಕಂಡಿತು. ಉಸ್ತಾದ್ ಏನೂ ಅನ್ನಲಿಲ್ಲ, ಚಹಾ ತರಿಸಿದರು.

ಇಲ್ಲಿ ಒಂದು ಪ್ರಶ್ನೆ ಬರುತ್ತೆ, ನನ್ನ ಗೆಳೆಯರೂ ಕೇಳಿದರು. ಎ ಮೋಡ್‌ನಲ್ಲಿ ಮೈನಸ್ 1.3 ಹಾಕಿದರೆ ಸಾಕಲ್ಲ, ಎಂ ಯಾಕೆ? ಒಂದೇ ಸಾಮಾನಿದ್ದರೆ ಸಾಕು. ನಲವತ್ತಿದ್ದರೆ ಸಾಲಲ್ಲ. ತಾರ್‌ಕಶಿ ಕೆಲಸದಲ್ಲಿ ಬೆಳ್ಳಿ ಕೂದಲೆಳೆಯಷ್ಟು, ಸಾಮಾನೆಲ್ಲಾ ಕಪ್ಪೇ. ತೆಹ್‌ನಿಶಾನ್‌ನಲ್ಲಿ ತಗಡು ಕೂರಿಸಿರ್ತಾರೆ, ಅರ್ಧಕ್ಕರ್ಧ ಬೆಳ್ಳಿ. ಎ ಮೋಡ್‌ನಲ್ಲಿ ಮೀಟರ್ ಪ್ರತಿ ಸಾಮಾನಿಗೂ ಬೇರೆ ಶಟರ್ ಕೊಡುತ್ತೆ, ನೀವು ಪ್ರತಿಯೊಂದಕ್ಕೂ ಬೇರೆ ತಿದ್ದುಪಡಿ ಊಹಿಸ್ತಾ ಕೂರಬೇಕು. ಒಂದು ಕಪ್ಪು ಕಡು, ಇನ್ನೊಂದು ತಿಳಿ, ಕ್ಯಾಟಲಾಗ್ ನೋಡಿದವರಿಗೆ ನಲವತ್ತು ಸಾಮಾನು ನಲವತ್ತು ಮನೆಯಿಂದ ಬಂದ ಹಾಗೆ ಕಾಣುತ್ತೆ. ಎಂ ಮೋಡ್‌ನಲ್ಲಿ ಬೆಳಕು ಬದಲಾಗದಿದ್ದರೆ ಒಂದು ಸಲ ಕಟ್ಟಿದ 1/10 ಕೊನೆಯವರೆಗೂ ನಡೆಯುತ್ತೆ. ಮೋಡ ಬಂದಾಗ ಮಾತ್ರ ನೋಡಿಕೊಂಡರಾಯಿತು.

ಸೊನ್ನೆ ನಂಬದಿದ್ದರೆ ಮತ್ತೆ ಏನು ನಂಬೋದು? ನಾನು ಎರಡು ನೋಡ್ತೀನಿ. ಡಿಸ್ಪ್ಲೇ ಬಟನ್ ಒತ್ತುತ್ತಾ ಹೋದರೆ ಶೂಟ್ ಮಾಡುವಾಗಲೇ ಹಿಸ್ಟೋಗ್ರಾಮ್ ಬರುತ್ತೆ, ಅಂದರೆ ಎಡಗಡೆ ಕಪ್ಪು, ಬಲಗಡೆ ಬಿಳಿ ಎಷ್ಟಿದೆ ಅಂತ ಗುಡ್ಡದ ಹಾಗೆ ತೋರಿಸೋ ನಕ್ಷೆ. ಬಿದ್ರಿಗೆ ಆ ಗುಡ್ಡ ಎಡಗಡೆಗೇ ಇರಬೇಕು, ಬಲಗಡೆ ಬೆಳ್ಳಿಯ ಸಣ್ಣ ಬಾಲ ಗೋಡೆಗೆ ತಾಗದೆ ನಿಲ್ಲಬೇಕು. ತೆಗೆದ ಮೇಲೆ ಹೈಲೈಟ್ಸ್ ಡಿಸ್ಪ್ಲೇ ಹಾಕಿದರೆ ಸುಟ್ಟು ಬಿಳಿಯಾದ ಜಾಗ ಮಿಣುಕುತ್ತೆ. ಬೆಳ್ಳಿ ಮಿಣುಕಿದರೆ ಇನ್ನೂ ಮೂರನೇ ಒಂದು ಸ್ಟಾಪ್ ಇಳಿಸ್ತೀನಿ. ಕ್ಯಾಮೆರಾ ಸಂಸ್ಕರಿಸದೆ ಕೊಡೋ ರಾ ಫೈಲ್‌ನಲ್ಲಿ ಕಪ್ಪಿನೊಳಗಿಂದ ಸ್ವಲ್ಪ ವಿವರ ಮೇಲೆತ್ತಬಹುದು, ಪೂರ್ತಿ ಸುಟ್ಟ ಬೆಳ್ಳಿಯಿಂದ ಏನೂ ಬರಲ್ಲ. ಹೈಲೈಟ್ ನೋಡಿ ಅಳೆಯುವ ಮೀಟರಿಂಗ್ ಕೂಡ ಇದರಲ್ಲಿದೆ, ಬಿದ್ರಿಗೆ ಹೇಳಿ ಮಾಡಿಸಿದ್ದು ಅಂದುಕೊಂಡಿದ್ದೆ. ಒಂದೇ ಒಂದು ಕಡೆ ಫಳಕ್ ಅಂತ ಹೊಳೆದರೆ ಅದಕ್ಕೇ ಹೆದರಿ ಇಡೀ ಫೋಟೊ ಕತ್ತಲು ಮಾಡುತ್ತೆ, ಈಗ ಉಪಯೋಗಿಸಲ್ಲ. ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿದ್ದು ಅದಕ್ಕಿಂತ ಜಾಸ್ತಿ ಕೆಲಸ ಮಾಡಿತು, ಅದಕ್ಕೆ ಹತ್ತಿಪ್ಪತ್ತು ರೂಪಾಯಿ.

ಎಂ ಜೊತೆ ಐಎಸ್ಓ ಆಟೋ ಅನ್ನೋ ಜೋಡಿ ನನ್ನ ಹಬ್ಬ ಕೆಡಿಸಿದರೂ, ಈಗ ಅದೇ ನನಗೆ ಜಾಸ್ತಿ ಇಷ್ಟ. ಬಿದ್ರಿಗಲ್ಲ, ಕೃಷ್ಣಮೃಗಕ್ಕೆ. ಬೀದರಿನ ಸುತ್ತ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗ ಇವೆ ಅನ್ನೋದು ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲ. ಮುಂಜಾನೆ ಆರೂವರೆಗೆ ಹೋದರೆ ಬೆಳಕು ಹತ್ತು ನಿಮಿಷಕ್ಕೊಮ್ಮೆ ಬದಲಾಗುತ್ತೆ. ಓಡೋ ಮೃಗಕ್ಕೆ 1/1250 ಬೇಕೇ ಬೇಕು. 50-250 ಲೆನ್ಸ್ ಕೊನೆಯ ತುದಿಯಲ್ಲಿ ಎಫ್/6.3ಕ್ಕಿಂತ ತೆರೆಯಲ್ಲ. ಎರಡೂ ಕಟ್ಟಿದ ಮೇಲೆ ಉಳಿದದ್ದು ಐಎಸ್ಓ, ಅದನ್ನು ಕ್ಯಾಮೆರಾಗೆ ಬಿಟ್ಟೆ, ಮೇಲಿನ ಮಿತಿ 6400 ಅಂತ ಮೆನುವಿನಲ್ಲಿ ಹಾಕಿದೆ. ಈಗ ಆ ಬಟನ್‌ಗೆ ಜೀವ ಬರುತ್ತೆ. ಕ್ಯಾಮೆರಾ 800 ಆರಿಸಿದ್ದರೆ, ಮೈನಸ್ ಒಂದು ಹಾಕಿದಾಗ 400 ಆಗುತ್ತೆ, ಪ್ಲಸ್ ಒಂದು ಹಾಕಿದಾಗ 1600. ಶಟರ್, ಅಪರ್ಚರ್ ಅಲುಗಾಡಲ್ಲ.

ಗಂಡು ಮೃಗದ ಬೆನ್ನು ಕಪ್ಪು, ಹೊಟ್ಟೆ ಬೆಳ್ಳಗೆ, ಸುತ್ತ ಒಣ ಹುಲ್ಲು ಬಂಗಾರದ ಬಣ್ಣ. ನೇರ ಬಿಸಿಲು ಬಿದ್ದರೆ ಹೊಟ್ಟೆಯ ಬಿಳಿ ಮೊದಲು ಸುಡುತ್ತೆ, ಮೈನಸ್ 0.3ರಿಂದ 0.7 ಹಾಕ್ತೀನಿ. ದಿಬ್ಬದ ಮೇಲೆ ಆಕಾಶಕ್ಕೆ ಎದುರು ನಿಂತರೆ ಪ್ಲಸ್ ಒಂದು, ಕೆಲವು ಸಲ 1.3. ಇಲ್ಲದಿದ್ದರೆ ಕೊಂಬಿರೋ ಕರಿ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಬರುತ್ತೆ. ಅದೂ ಕೆಲವೊಮ್ಮೆ ಚೆಂದವೇ, ಬೇಕು ಅಂತ ಮಾಡಿದರೆ.

ಎಂ ಮೋಡ್‌ನಲ್ಲಿ ಎರಡೂ ಡಯಲ್‌ಗಳಿಗೆ ಕೆಲಸ ಇದೆ, ಹಿಂದಿನದು ಶಟರ್, ಮುಂದಿನದು ಅಪರ್ಚರ್. ಹಾಗಾಗಿ ಕಾಂಪನ್ಸೇಶನ್‌ಗೆ ಬಟನ್ ಒತ್ತಿ ಹಿಡಿದೇ ತಿರುಗಿಸಬೇಕು. ಕಣ್ಣು ವ್ಯೂಫೈಂಡರಲ್ಲಿ, ಎದುರಿಗೆ ಮೃಗ ಓಡ್ತಿದೆ, ತೋರು ಬೆರಳು ಶಟರ್ ಮೇಲಿಂದ ತೆಗೆದು ಬಟನ್ ಹುಡುಕೋದು, ನನಗಂತೂ ಕಷ್ಟ. ಇದಕ್ಕೆ ಒಳ್ಳೆ ಉಪಾಯ ಇದೆ: ಲೆನ್ಸ್ ಮೇಲಿನ ಕಂಟ್ರೋಲ್ ರಿಂಗ್‌ಗೆ ಎಕ್ಸ್‌ಪೋಶರ್ ಕಾಂಪನ್ಸೇಶನ್ ಕೆಲಸ ಕೊಡಬಹುದು, ಕಸ್ಟಮ್ ಕಂಟ್ರೋಲ್ಸ್‌ನಲ್ಲಿ. ಎಡಗೈ ಹೇಗೂ ಲೆನ್ಸ್ ಕೆಳಗೇ ಇರುತ್ತೆ. ರಿಂಗ್ ತಿರುಗಿಸಿದ ಹಾಗೆ ವ್ಯೂಫೈಂಡರಲ್ಲೇ ಚಿತ್ರ ಬೆಳಗುತ್ತೆ, ಮಂಕಾಗುತ್ತೆ. ಒಳಗೆ ಕನ್ನಡಿ ಇಲ್ಲದ ಈ ಮಿರರ್‌ಲೆಸ್ ಕ್ಯಾಮೆರಾ ತಗೊಂಡದ್ದು ಸಾರ್ಥಕ ಅನಿಸಿದ ಕ್ಷಣ ಅದು. ಹಳೆಯ ಡಿಎಸ್ಎಲ್ಆರ್‌ನ ಕನ್ನಡಿ ವ್ಯೂಫೈಂಡರಲ್ಲಿ ಇದು ಕಾಣ್ತಿರಲಿಲ್ಲ, ತೆಗೆದು ನೋಡಿ ತಿದ್ದಬೇಕಿತ್ತು. ಚೀಲದಿಂದ ತೆಗೆಯುವಾಗ ಕೈ ತಾಗಿ ರಿಂಗ್ ತಿರುಗೋದೂ ಉಂಟು. ನನ್ನ ಕೈಯೇ ಸ್ವಲ್ಪ ಒರಟು. ಈಗ ಕ್ಯಾಮೆರಾ ಆನ್ ಮಾಡಿದ ಕೂಡಲೇ ಮೊದಲು ಪ್ಲಸ್ ಮೈನಸ್ ಚಿಹ್ನೆ ಇದೆಯಾ ಅಂತ ನೋಡೋದು ಅಭ್ಯಾಸ ಮಾಡಿಕೊಂಡಿದ್ದೇನೆ, ಗಾಡಿ ಹತ್ತಿದ ತಕ್ಷಣ ಸ್ಟ್ಯಾಂಡ್ ತೆಗೆದಿದ್ದೀನಾ ಅಂತ ನೋಡೋ ಹಾಗೆ.

ಈ ಜೋಡಿಗೂ ಒಂದು ಗೋಡೆ ಇದೆ, ಅದನ್ನು ಹೇಳಲೇಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ. ಮಧ್ಯಾಹ್ನ ಅಷ್ಟೂರಿನ ಬಹಮನಿ ಗೋರಿಗಳ ಹತ್ತಿರ 1/500, ಎಫ್/5.6 ಕಟ್ಟಿ ಮೈನಸ್ ಒಂದು ಹಾಕಿದೆ. ಏನೂ ಆಗಲಿಲ್ಲ. ಮತ್ತೆ ಬಟನ್ ಸತ್ತಿತಾ? ಇಲ್ಲ. ಐಎಸ್ಓ ಮೊದಲೇ 100ರಲ್ಲಿತ್ತು, ಅದು ಈ ಕ್ಯಾಮೆರಾದ ಕೆಳಗಿನ ಮಿತಿ. ಇನ್ನು ಇಳಿಯೋಕೆ ಜಾಗವಿಲ್ಲ. ಪೂರ್ತಿ ಬಿಸಿಲಿಗೆ ಹಳೆಯ ಲೆಕ್ಕ ಒಂದಿದೆ: ಐಎಸ್ಓ 100 ಇದ್ದರೆ ಎಫ್/16ಕ್ಕೆ ಹೆಚ್ಚುಕಡಿಮೆ 1/100. ಎಫ್/5.6 ಅದಕ್ಕಿಂತ ಮೂರು ಸ್ಟಾಪ್ ಅಗಲ, ಹಾಗಾಗಿ 1/800 ಬೇಕು. ನಾನು 1/500ರಲ್ಲಿ ಕೂತಿದ್ದೆ, ಕಾಂಪನ್ಸೇಶನ್ ಇಲ್ಲದೆಯೇ ಬೆಳಕು ಜಾಸ್ತಿಯಾಗಿತ್ತು. ಶಟರ್ 1/1600 ಮಾಡಿದ ಮೇಲೆ ಸರಿ ಹೋಯಿತು. ಮೇಲಿನ ಮಿತಿಯಲ್ಲೂ ಇದೇ ಕಥೆ. ಅಲ್ಲೇ ಅಹ್ಮದ್ ಷಾ ಗೋರಿಯ ಒಳಗೆ ಗೋಡೆ ತುಂಬ ಬಣ್ಣದ ಚಿತ್ತಾರ, ಬೆಳಕು ಕಮ್ಮಿ. 6400 ಮುಟ್ಟಿದ ಮೇಲೆ ಪ್ಲಸ್ ಎಷ್ಟು ಹಾಕಿದರೂ ಹಾಗೇ. ಶಟರ್ ನಿಧಾನ ಮಾಡಲೇಬೇಕು.

ಬಿಳಿಗೆ ಉದಾಹರಣೆ ಬೇಕಾದರೆ ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ. ಬೆಳ್ಳನೆಯ ಕಟ್ಟಡ ಚೌಕಟ್ಟು ತುಂಬ ಹಿಡಿದು ಮೀಟರ್ ಹೇಳಿದ ಹಾಗೆ ತೆಗೆದರೆ ಮಳೆಗಾಲದ ಮೋಡದ ಬಣ್ಣ ಬರುತ್ತೆ. ಪ್ಲಸ್ 0.7, ಪ್ಲಸ್ ಒಂದು ಹಾಕಿದರೆ ಬಿಳಿ ಬಿಳಿಯಾಗುತ್ತೆ. ಬಿದ್ರಿ ಕೆಲಸ ಮುಗಿಸಿ ಅದೇ ದಿನ ಅಲ್ಲಿಗೆ ಹೋದರೆ ಒಂದೇ ಊರಲ್ಲಿ ಎರಡು ತುದಿ ಕಲಿತ ಹಾಗೆ.

ಇನ್ನು ಉಳಿದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಹಿಡಿತ ತುಂಬಾ ಚೆನ್ನಾಗಿದೆ, ದೊಡ್ಡ ಕೈಗೂ ಸಾಕಾಗುತ್ತೆ. ಕೈ ನಡುಕ ತಡೆಯೋ ಸ್ಟೆಬಿಲೈಸೇಶನ್ ಬಾಡಿಯಲ್ಲಿ ಇಲ್ಲ, ಲೆನ್ಸಲ್ಲಿ ವಿಆರ್ (ಅದಕ್ಕೆ ನಿಕಾನ್ ಇಟ್ಟ ಹೆಸರು) ಇದ್ದರೆ ಮಾತ್ರ. ಕಾರ್ಡ್ ಸ್ಲಾಟ್ ಒಂದೇ, ಮದುವೆ ಕೆಲಸ ಮಾಡೋರು ಯೋಚಿಸಿ. ಬ್ಯಾಟರಿ ಸಿಪಾ (ಕ್ಯಾಮೆರಾ ಕಂಪನಿಗಳ ಸಂಘ) ಲೆಕ್ಕಕ್ಕೆ ಸುಮಾರು 300 ಫೋಟೊ, ಎರಡನೆಯದು ಕೊಂಡುಕೊಳ್ಳಿ. ಸ್ಕ್ರೀನ್ ಕೆಳಗಡೆಗೆ ಮಡಚಿ ಮುಂದಕ್ಕೆ ತಿರುಗುತ್ತೆ, ಟ್ರೈಪಾಡ್ ಮೇಲಿಟ್ಟರೆ ಅದು ಅಡ್ಡ ಬರುತ್ತೆ, ಹಾಗಾಗಿ ವ್ಲಾಗ್ ಮಾಡೋರಿಗೆ ಇದು ಸರಿ ಹೋಗಲ್ಲ. ಸಣ್ಣ ಫ್ಲಾಶ್ ಒಳಗೇ ಇದೆ. ನಾನು ವಿಡಿಯೊ ಮಾಡಲ್ಲ, ಅದರ ಬಗ್ಗೆ ಹೇಳಲ್ಲ.

ಬೇರೆ ಕ್ಯಾಮೆರಾ ನೋಡ್ತಿರೋರಿಗೆ: ಎಂ ಜೊತೆ ಐಎಸ್ಓ ಆಟೋ ಇದ್ದಾಗ ಕಾಂಪನ್ಸೇಶನ್ ನಡೆಯೋದು ಸೋನಿ ಎ6400ನಲ್ಲೂ ಇದೆ, ಕ್ಯಾನನ್ ಆರ್10ನಲ್ಲೂ ಇದೆ. ಫ್ಯೂಜಿ ಎಕ್ಸ್-ಟಿ30ನಲ್ಲಿ ಇದಕ್ಕೆ ಮೇಲ್ಗಡೆ ಬೇರೆಯದೇ ಡಯಲ್, ಪ್ಲಸ್ ಮೂರರಿಂದ ಮೈನಸ್ ಮೂರರವರೆಗೆ ಅಂಕಿ ಕೆತ್ತಿದೆ. ಆಫ್ ಇದ್ದಾಗಲೂ ಮೈನಸ್ ಎಷ್ಟಿದೆ ಅಂತ ಕಣ್ಣಿಗೆ ಕಾಣುತ್ತೆ. ಗೆಳೆಯನ ಹತ್ತಿರ ಅದಿದೆ, ನೋಡಿದಾಗೆಲ್ಲಾ ಸ್ವಲ್ಪ ಹೊಟ್ಟೆಕಿಚ್ಚು. ಅದನ್ನು ಬಿಟ್ಟರೆ ನನ್ನದೇ ನನಗೆ ಚೆನ್ನ. ಬಿದ್ರಿಗೆ, ಮೃಗಕ್ಕೆ, ಮನೆಯವರಿಗೆ ಇದೊಂದೇ ಸಾಕಾಗಿದೆ. ಅವ್ವನ ಫೋಟೊವನ್ನು ಯುಗಾದಿಗೆ ಮತ್ತೆ ತೆಗೆದೆ, ಪ್ಲಸ್ ಒಂದು ಹಾಕಿ. ಅದನ್ನು ಫ್ರೇಮ್ ಹಾಕಿಸಿ ಅಂತ ಅವಳೇ ಕೇಳಿದಳು.

ಸೆಕೆಂಡ್ ಹ್ಯಾಂಡ್ ಝಡ್50 ನೋಡೋಕೆ ಹೋದರೆ ಅಂಗಡಿಯಲ್ಲೇ ಇಷ್ಟು ಮಾಡಿ. ಸೆನ್ಸರ್ ಮೇಲೆ ಧೂಳು ನೋಡಿ, ಯಾಕೆಂದರೆ ಇದರಲ್ಲಿ ತಾನೇ ಕೊಡವಿಕೊಳ್ಳೋ ವ್ಯವಸ್ಥೆ ಇಲ್ಲ. ಎಫ್/16ರಲ್ಲಿ ಬಿಳಿ ಗೋಡೆಯ ಫೋಟೊ ತೆಗೆದರೆ ಚುಕ್ಕೆ ಕಾಣುತ್ತೆ. ಆಮೇಲೆ ಎಂ ಮೋಡ್, ಐಎಸ್ಓ ಆಟೋ, 1/125, ಎಫ್/5.6. ಪ್ಲಸ್ ಮೈನಸ್ ಬಟನ್ ಒತ್ತಿ ಹಿಡಿದು ಡಯಲ್ ತಿರುಗಿಸಿ. ಐಎಸ್ಓ ಅಂಕಿ ಏರಿಳಿದರೆ ಬಟನ್ ಜೀವಂತ ಇದೆ, ಸೊನ್ನೆಗೆ ತಂದಿಟ್ಟು ರೊಕ್ಕ ಕೊಡಿ.